ಬೆನ್ನ ಹಿಂದೆ ಬೀಳುವ ಗುಂಡು

ಆ ಡಿಪೋದಲ್ಲಿ ಅವನಿಗಿಂತ ಹಳಬರಾದ ಡ್ರೈವರುಗಳಿದ್ದರು, ಅವನಿಗಿಂತ ಬೇಗ ಕೊನೆಯ ಸ್ಟಾಪು ಮುಟ್ಟಿಸುವವರೂ ಇದ್ದರು. ಆದರೆ ಇಷ್ಟು ವರ್ಷ ಸಿಟಿ ಬಸ್ಸು ಓಡಿಸಿ, ಮನುಷ್ಯನಿರಲಿ, ಒಂದು ನಾಯಿಯ ಬಾಲಕ್ಕೂ ತಾಗಿಸದೆ ಬಂದವನು ಅವನೊಬ್ಬನೇ. ಅದರ ಬಗ್ಗೆ ಅವನಿಗೆ ಸಣ್ಣ ಜಂಭವೂ ಇತ್ತು. ಯಾರಾದರೂ ಕೇಳಿದರೆ ಏನೋ ನಡೆದುಕೊಂಡು ಹೋಗುತ್ತಿದೆ ಎನ್ನುತ್ತಿದ್ದ. ಯಾರೂ ಕೇಳದಿದ್ದರೆ ತಾನೇ ಆ ಮಾತಿಗೆ ದಾರಿ ಮಾಡಿಕೊಳ್ಳುತ್ತಿದ್ದ. ಅಂಥ ಮನುಷ್ಯ ಈಗ ಸಂಜೆಯಾದರೆ ಮಗಳ ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲೆ ಎದುರು ಮನೆ ಬಾಗಿಲಷ್ಟು ದೂರದಲ್ಲಿ ನಿಂತ ಎದುರಾಳಿಗೆ ಒಂದೇ ಒಂದು ಗುಂಡು ತಾಗಿಸಲಾಗದೆ ಹಲ್ಲು ಕಡಿಯುತ್ತಿದ್ದ.

ಇದೆಲ್ಲ ಶುರುವಾದದ್ದು ಡಿಪೋಗಳ ನಡುವಿನ ಸ್ಪರ್ಧೆಯಿಂದ. ಪ್ರತಿ ವರ್ಷ ಕೇರಂ, ಚೆಸ್, ಟೇಬಲ್ ಟೆನಿಸ್ ಇರುತ್ತಿತ್ತು. ಈ ವರ್ಷ ಹೊಸ ಹುಡುಗರ ಮನಸ್ಸು ಹಿಡಿಯಲೆಂದು ಮೇಲಿನವರು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟವನ್ನೂ ಸೇರಿಸಿದರು. ತಂಡಕ್ಕೆ ಐದು ಜನ. ಎದುರು ತಂಡದ ಐವರನ್ನೂ ಬೀಳಿಸಿದರೆ ಒಂದು ಸುತ್ತು ಗೆದ್ದಂತೆ. ವರ್ಕ್‌ಶಾಪಿನ ಮೆಕ್ಯಾನಿಕ್ ತಾನೇ ನಾಯಕನಾಗಿ ತಂಡ ಕಟ್ಟಿದ. ಕ್ಯಾಷಿಯರ್ ಬಂದ, ಗೇಟಿನ ಕಾವಲಿನವನು ಬಂದ, ಟೈರ್ ವಿಭಾಗದವನು ಬಂದ. ಐದನೆಯವನಾಗಿ ನಮ್ಮ ಡ್ರೈವರನ್ನು ಹಿಡಿದು ತಂದ. ಎರಡೂ ಕಡೆ ಒಂದೊಂದು ಗೇಣು ಜಾಗವಿರುವ ಸಂದಿಯಲ್ಲಿ ಬಸ್ಸು ತೂರಿಸುವವನ ಕಣ್ಣು ಎಂಥದ್ದಿರಬೇಕು, ಅಂಥವನು ಗುಂಡು ಹಾರಿಸಿದರೆ ತಪ್ಪುತ್ತದೆಯೇ ಎಂಬುದು ಮೆಕ್ಯಾನಿಕನ ಲೆಕ್ಕ. ಲೆಕ್ಕ ಮೊದಲ ಸಂಜೆಯೇ ತಲೆಕೆಳಗಾಯಿತು.

ಆದರೆ ಆ ಮೊದಲ ಸಂಜೆಯೇ ಡ್ರೈವರ್ ಈ ಆಟಕ್ಕೆ ಬಿದ್ದುಹೋದ. ಅದಕ್ಕೆ ಕಾರಣ ಆಟವಲ್ಲ, ಹೆಡ್‌ಫೋನು. ಅಭ್ಯಾಸಕ್ಕೆ ಐವರೂ ಅವರವರ ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಕೂಡುತ್ತಿದ್ದರು. ಬಸ್ಸಿನಲ್ಲಿ ಅವನ ಸೀಟಿನ ಹಿಂದೆ ಗಾಜಿನ ತಡಿಕೆ, ಅದರ ಮೇಲೆ ಡ್ರೈವರನ್ನು ಮಾತಾಡಿಸಬಾರದು ಎಂಬ ಬೋರ್ಡು. ವರ್ಷಗಟ್ಟಲೆ ಅವನು ಬೇರೆಯವರ ಮಾತುಗಳ ಬಾಲವನ್ನಷ್ಟೇ ಕೇಳಿಕೊಂಡು ಬಂದಿದ್ದ. ಯಾರ ಜಗಳ ಎಲ್ಲಿಗೆ ಮುಟ್ಟಿತು, ಯಾರ ಮದುವೆ ಮುರಿಯಿತು, ಪೂರ್ತಿ ಗೊತ್ತಾಗುವ ಮೊದಲೇ ಅವರ ಸ್ಟಾಪು ಬಂದುಬಿಡುತ್ತಿತ್ತು. ಮನೆಯಲ್ಲೂ ಅಷ್ಟೇ. ಅವನು ಹೊರಡುವಾಗ ಹೆಂಡತಿ ಮಗಳು ಮಲಗಿರುತ್ತಿದ್ದರು, ಅವನು ಬರುವಾಗ ಹೆಂಡತಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿರುತ್ತಿದ್ದಳು. ಅಂಥವನ ಕಿವಿಯೊಳಗೆ ಈಗ ನಾಲ್ಕು ಜನ ಒಟ್ಟಿಗೆ ಮಾತಾಡಿದರು, ಅದೂ ಅವನೊಂದಿಗೇ. ಯಾರೋ, ಅಣ್ಣ ಬಲಗಡೆ ನೋಡಿ ಎಂದದ್ದೇ ತಡ, ಅವನು ಕುರ್ಚಿಯಲ್ಲೇ ತಿರುಗಿ ಬಲಗಡೆಯ ಅಡುಗೆಮನೆ ನೋಡಿದ. ವಿಷಯ ಗೊತ್ತಾಗಿ ನಾಲ್ವರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಈ ಜಾಗವನ್ನು ಯಾರಿಗೂ ಬಿಟ್ಟುಕೊಡಬಾರದು ಎಂದು ಅವತ್ತೇ ತೀರ್ಮಾನಿಸಿದ.

ತೀರ್ಮಾನ ಮಾಡಿದರೆ ಸಾಕೇ, ಗುಂಡು ತಾಗಬೇಡವೇ? ಅವನ ಗುಂಡು ಗೋಡೆಗೆ ತಾಗುತ್ತಿತ್ತು, ಡ್ರಮ್ಮಿಗೆ ತಾಗುತ್ತಿತ್ತು, ನಿಂತ ಕಾರಿನ ಗಾಜಿಗೆ ತಾಗುತ್ತಿತ್ತು. ಎದುರಾಳಿಯೊಬ್ಬನನ್ನು ಬಿಟ್ಟು ಆ ಊರಿನ ಎಲ್ಲ ಆಸ್ತಿಪಾಸ್ತಿಗೂ ಅವನಿಂದ ಹಾನಿಯಾಗುತ್ತಿತ್ತು. ಮೊದಲು ಮೌಸಿನ ಮೇಲೆ ತಪ್ಪು ಹೊರಿಸಿದ. ಹೊಸ ಮೌಸು ಬಂತು. ಆಮೇಲೆ ಅದರ ಕೆಳಗಿನ ಮ್ಯಾಟು ಜಾರುತ್ತದೆ ಎಂದ. ಮೇಜಿನ ಅರ್ಧ ಮುಚ್ಚುವಷ್ಟು ದೊಡ್ಡ ಮ್ಯಾಟು ಬಂತು. ಕುರ್ಚಿ ತಗ್ಗು ಎಂದು ಹಳೆಯ ದಿಂಬು ಹಾಕಿದ, ಎತ್ತರವಾಯಿತೆಂದು ತೆಗೆದ. ಇನ್ನು ಬಯ್ಯಲು ಯಾವ ವಸ್ತುವೂ ಉಳಿಯದಿದ್ದಾಗ ಸೆನ್ಸಿಟಿವಿಟಿಗೆ ಕೈ ಹಾಕಿದ. ಮೌಸು ಇಷ್ಟು ಸರಿದರೆ ಪರದೆಯ ಮೇಲಿನ ಗುರಿಯ ಚುಕ್ಕೆ ಎಷ್ಟು ಸರಿಯಬೇಕು ಎಂಬ ಲೆಕ್ಕವದು. ಒಂದು ಸಂಜೆ ಹೆಚ್ಚಿಸುತ್ತಿದ್ದ, ಮರುದಿನ ತಗ್ಗಿಸುತ್ತಿದ್ದ. ಕಾಲೇಜಿನಲ್ಲಿ ಓದುವ ಮಗಳು ಈ ಆಟದಲ್ಲಿ ಪಳಗಿದವಳು. ಒಂದು ವೇಗ ಹಿಡಿದು ಅದಕ್ಕೇ ಅಂಟಿಕೋ, ಮಣಿಕಟ್ಟು ತಿರುಗಿಸಬೇಡ, ತೋಳು ಪೂರ್ತಿ ಸರಿಸು ಎಂದು ಹೇಳಿ ಹೇಳಿ ಸಾಕಾಗಿ ಒಂದು ದಿನ ರೇಗಿದಳು.

"ಅಪ್ಪ, ದಿನಾ ಒಂದೊಂದು ಸ್ಟೀರಿಂಗ್ ಹಾಕಿಕೊಟ್ರೆ ನೀನು ಬಸ್ ಓಡಿಸ್ತೀಯಾ?"

ಅವನಿಗೆ ಈ ಮಾತು ನಾಟಿತು. ಆ ದಿನದಿಂದ ಸೆನ್ಸಿಟಿವಿಟಿಯನ್ನು ಮುಟ್ಟಲಿಲ್ಲ. ಮಗಳು ಗುರಿ ಕಲಿಸುವ ಬೇರೊಂದು ಪ್ರೋಗ್ರಾಮು ಹಾಕಿಕೊಟ್ಟಳು. ಅದರಲ್ಲಿ ಖಾಲಿ ಗೋಡೆಯ ಮುಂದೆ ಬಣ್ಣದ ಚೆಂಡುಗಳು ಎಲ್ಲೆಂದರಲ್ಲಿ ಮೂಡುತ್ತವೆ, ಮಾಯವಾಗುವುದರೊಳಗೆ ಹೊಡೆಯಬೇಕು. ಡ್ರೈವರ್ ಪಟ್ಟು ಹಿಡಿದು ಕೂತ. ಡ್ಯೂಟಿ ಮುಗಿಸಿ ಬಂದವನು ಸಮವಸ್ತ್ರ ಬದಲಿಸದೆ ಚೆಂಡು ಹೊಡೆಯಲು ಕೂರುತ್ತಿದ್ದ. ಕೆಲವೇ ವಾರಗಳಲ್ಲಿ ಅವನ ಕೈ ಎಷ್ಟು ಸಾಫಾಯಿತೆಂದರೆ ಚೆಂಡಾಟದಲ್ಲಿ ಮಗಳನ್ನೇ ಹಿಂದೆ ಹಾಕಿದ. ಮಗಳು ನಂಬದೆ ಪಕ್ಕದಲ್ಲಿ ನಿಂತು ನೋಡಿದಳು. ಚೆಂಡು ಮೂಡಿತು, ಒಡೆಯಿತು. ಇನ್ನೊಂದು ಮೂಡಿತು, ಒಡೆಯಿತು. ಇನ್ನೇನು, ನನ್ನ ಕಾಲ ಬಂತು ಎಂದುಕೊಂಡು ಅವನು ಎದೆಯುಬ್ಬಿಸಿ ಆ ಸಂಜೆ ತಂಡದ ಆಟಕ್ಕೆ ಕೂತ. ಮತ್ತೆ ಗೋಡೆ, ಡ್ರಮ್ಮು, ಕಾರಿನ ಗಾಜು.

ಇದು ಅವನಿಗೆ ಸಹಿಸಲಾಗಲಿಲ್ಲ. ಕೈಲಾಗದವನು ಸೋತರೆ ಅದೊಂದು ಮಾತು. ಕೈಲಾಗುತ್ತದೆ ಎಂದು ಕಣ್ಣಾರೆ ಕಂಡಮೇಲೂ ಸೋತರೆ ಯಾರನ್ನು ಬಯ್ಯುವುದು? ಊಟಕ್ಕೆ ಕೂತರೆ ಅನ್ನ ಕಲಸುವ ಬೆರಳು ಚುಕ್ಕೆಯನ್ನು ಸರಿಸುತ್ತಿತ್ತು. ಹೆಂಡತಿ ಏನಾದರೂ ಕೇಳಿದರೆ ಸಿಡುಕುತ್ತಿದ್ದ. ಕಿವಿಯೊಳಗಿನ ನಾಲ್ಕು ದನಿಗಳೂ ಮೊದಲಿನ ಹಾಗೆ ನಗುತ್ತಿರಲಿಲ್ಲ. ಅವನು ಸತ್ತಾಗ ಯಾರೂ ಏನೂ ಅನ್ನುತ್ತಿರಲಿಲ್ಲ, ಆ ಮೌನವೇ ಬೈಗುಳಕ್ಕಿಂತ ಕಡೆಯಾಗಿತ್ತು. ಕೊನೆಗೆ ಮೆಕ್ಯಾನಿಕ್ ಡಿಪೋದಲ್ಲಿ ಅವನನ್ನು ಪಕ್ಕಕ್ಕೆ ಕರೆದು, ನೋಡಿ ಅಣ್ಣ, ಬರುವ ವಾರದೊಳಗೆ ಸರಿಹೋಗದಿದ್ದರೆ ನಿಮ್ಮ ಜಾಗಕ್ಕೆ ಕಂಡಕ್ಟರನ್ನು ಹಾಕಿಕೊಳ್ಳಬೇಕಾಗುತ್ತದೆ ಎಂದ. ಕಂಡಕ್ಟರ್ ಎಂದರೆ ಅವನದೇ ಬಸ್ಸಿನ ಕಂಡಕ್ಟರ್, ದಿನವಿಡೀ ಅವನ ಹಿಂದೆಯೇ ಸೀಟಿ ಊದುವವನು.

ಭಾನುವಾರ ಮೆಕ್ಯಾನಿಕ್ ಮನೆಗೇ ಬಂದ. ಬಸ್ಸಿನ ವಿಷಯದಲ್ಲಿ ಇವರಿಬ್ಬರದು ಹಳೆಯ ಜಗಳ. ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ ಎಂದು ಡ್ರೈವರ್ ಹೇಳುವುದು, ಗಾಡಿ ನೆಟ್ಟಗಿದೆ ನಿಮ್ಮ ಕೈ ನೋಡಿಕೊಳ್ಳಿ ಎಂದು ಮೆಕ್ಯಾನಿಕ್ ಹೇಳುವುದು. ಇವತ್ತೂ ಅವನು ಗಾಡಿ ಪರೀಕ್ಷೆ ಮಾಡುವವನ ಹಾಗೆಯೇ ತೋಳು ಮಡಚಿಕೊಂಡು ಕುಳಿತ. ಹಿಂದಿನ ದಿನದ ಆಟದ ರೆಕಾರ್ಡಿಂಗನ್ನು ಮಗಳು ನಿಧಾನಗತಿಯಲ್ಲಿ ಓಡಿಸಿದಳು. ಎದುರಾಳಿ ಗೋಡೆಯ ಮರೆಯಿಂದ ಹೊರಬರುತ್ತಾನೆ. ಡ್ರೈವರನ ಚುಕ್ಕೆ ತಡಮಾಡದೆ ಅವನ ತಲೆಯ ಹತ್ತಿರಕ್ಕೆ ಹೋಗುತ್ತದೆ. ಇನ್ನೇನು ತಾಗಬೇಕು, ಅಷ್ಟರಲ್ಲಿ ಚುಕ್ಕೆ ಒಂದಿಷ್ಟು ಹೊರಳಿ ಪಕ್ಕದ ಗೋಡೆಗೆ ಸರಿಯುತ್ತದೆ, ಗುಂಡುಗಳೆಲ್ಲ ಅಲ್ಲಿಗೇ ಹೋಗಿ ಬೀಳುತ್ತವೆ.

ಎಡಕ್ಕೆ ಎಳೆಯುತ್ತಿದೆ ಎಂದ ಮೆಕ್ಯಾನಿಕ್. ಮೌಸು ಬಿಚ್ಚಿ ನೋಡೋಣವೇ ಎಂದೂ ಕೇಳಿದ. ಮಗಳು ಇನ್ನೊಂದು ತುಣುಕು ಹಾಕಿದಳು. ಅದರಲ್ಲಿ ಚುಕ್ಕೆ ಬಲಕ್ಕೆ ಹೊರಳಿತ್ತು. ಮತ್ತೊಂದರಲ್ಲಿ ಎಡಕ್ಕೆ. ಮೌಸು ಕೆಟ್ಟಿದ್ದರೆ ಒಂದೇ ಕಡೆ ಎಳೆಯಬೇಕಿತ್ತು. ಮೂವರೂ ಪರದೆಗೆ ಮೂಗು ತಾಗಿಸಿಕೊಂಡು ನೋಡಿದರು, ಯಾರಿಗೂ ತಲೆಬುಡ ತಿಳಿಯಲಿಲ್ಲ. ಹೆಂಡತಿ ಒಣಗಿದ ಬಟ್ಟೆಯ ರಾಶಿ ಹೊತ್ತು ಹಿಂದೆ ನಿಂತಿದ್ದವಳು, ತನಗೂ ಈ ಆಟಕ್ಕೂ ಸಂಬಂಧವೇ ಇಲ್ಲ ಎಂಬ ದನಿಯಲ್ಲಿ ಹೇಳಿದಳು.

"ಇವರು ರಸ್ತೇಲಿ ಮಾಡೋದೇ ಇದಲ್ವಾ? ಅಡ್ಡ ಬಂದವನ ಬೆನ್ನ ಹಿಂದಿನಿಂದ ಹೋಗೋದು."

ಮಗಳು ಮೊದಲಿನಿಂದ ಮತ್ತೆ ಓಡಿಸಿದಳು. ನಿಜವಾಗಿತ್ತು. ಎದುರಾಳಿ ಎಡದಿಂದ ಬಂದರೆ ಚುಕ್ಕೆ ಎಡಕ್ಕೆ, ಬಲದಿಂದ ಬಂದರೆ ಬಲಕ್ಕೆ; ಯಾವಾಗಲೂ ಅವನು ಬಂದ ಕಡೆಗೆ, ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ. ಹೊಸ ಡ್ರೈವರುಗಳಿಗೆಲ್ಲ ಇವನೇ ಹೇಳಿಕೊಡುವ ಪಾಠವದು. ಯಾರಾದರೂ ಅಡ್ಡ ಬಂದರೆ ಬ್ರೇಕ್ ಒತ್ತು, ತಿರುಗಿಸಲೇಬೇಕಾದರೆ ಅವನು ಹೋಗುತ್ತಿರುವ ಕಡೆಗೆ ತಿರುಗಿಸಬೇಡ, ಬಂದ ಕಡೆಗೆ ತಿರುಗಿಸು. ಗಾಬರಿಯಾದವನು ಮುಂದಕ್ಕೇ ಓಡುತ್ತಾನೆ, ಅವನ ಹಿಂದೆ ದಾರಿ ತೆರೆಯುತ್ತದೆ. ಚೆಂಡು ಕಂಡರೆ ಅವನ ಕೈ ಹೊಡೆಯುತ್ತಿತ್ತು. ಮನುಷ್ಯನ ಆಕಾರ ಕಂಡರೆ ಉಳಿಸುತ್ತಿತ್ತು.

ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ಶತ್ರುವಿಗೆ ದಾರಿ ಬಿಡುತ್ತಾರೆ ಎಂಬ ಸುದ್ದಿ ಮರುದಿನ ಮಧ್ಯಾಹ್ನದೊಳಗೆ ಡಿಪೋದ ಕ್ಯಾಂಟೀನಿಗೂ ತಲುಪಿತು. ಡ್ರೈವರನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಹೆಮ್ಮೆಪಡಲು ಅವನಿಗಿದ್ದದ್ದು ಅದೊಂದೇ, ಅದೇ ಈಗ ನಾಲ್ಕು ಜನ ಆಡಿಕೊಳ್ಳುವ ವಸ್ತುವಾಗಿತ್ತು. ನನ್ನ ಕೈ ನಾನು ಹೇಳಿದಂತೆ ಕೇಳಬೇಕು, ಅದು ಹೇಳಿದಂತೆ ನಾನು ಕೇಳುವುದಲ್ಲ ಎಂದು ಹಟಕ್ಕೆ ಬಿದ್ದ.

ಮಗಳು ಚೆಂಡುಗಳನ್ನು ತೆಗೆದುಹಾಕಿದಳು. ಬದಲಿಗೆ ಗೋಡೆಗಳ ಮರೆಯಿಂದ ಮನುಷ್ಯಾಕೃತಿಗಳು ಹೊರಗೆ ನುಗ್ಗುವ ಅಭ್ಯಾಸದ ಕೋಣೆಯೊಂದನ್ನು ಹಾಕಿಕೊಟ್ಟಳು. ಮೊದಮೊದಲು ಒಂದೊಂದು ಆಕೃತಿ ಬಂದಾಗಲೂ ಅವನ ಬಲಗಾಲು ಮೇಜಿನ ಕೆಳಗೆ ನೆಲ ಒತ್ತುತ್ತಿತ್ತು. ಅವನು ಕಾಲನ್ನು ಕುರ್ಚಿಯ ಕೆಳಗೆ ಮಡಚಿಟ್ಟ. ಕೈ ಹೊರಳಿದಾಗಲೆಲ್ಲ ಬಯ್ದುಕೊಂಡ. ಬಂದ ಕಡೆಗೆ ನೋಡಬೇಡ, ಹೋಗುವ ಕಡೆಗೂ ನೋಡಬೇಡ, ತಲೆ ನೋಡು, ತಲೆಯೊಂದನ್ನೇ ನೋಡು ಎಂದು ಮಗಳು ಪಕ್ಕದಲ್ಲಿ ಕೂತು ಮಗ್ಗಿಯಂತೆ ಹೇಳುತ್ತಿದ್ದಳು. ಅವನೂ ಗೊಣಗುತ್ತಿದ್ದ, ತಲೆ, ತಲೆ, ತಲೆ. ಒಂದು ಸಂಜೆ ಹೊರಳುವುದು ಕಡಿಮೆಯಾಯಿತು. ಇನ್ನೊಂದು ಸಂಜೆ ಹೊರಳಲೇ ಇಲ್ಲ.

ಆ ವಾರದ ತಂಡದ ಆಟದಲ್ಲಿ ಅವನು ಎದುರಾಳಿಗಳನ್ನು ಸಾಲಾಗಿ ಬೀಳಿಸಿದ. ಮೊದಲನೆಯವನು ಬಿದ್ದಾಗ ಟೈರ್ ವಿಭಾಗದವನು ಯಾರು ಹೊಡೆದದ್ದು ಎಂದು ಕೇಳಿದ. ಎರಡನೆಯವನು ಬಿದ್ದಾಗ ಗೇಟಿನವನು ಮಗಳೇ ಆಡುತ್ತಿದ್ದಾಳೇನೋ ಎಂದು ಅನುಮಾನಿಸಿದ. ಮೂರನೆಯವನು ಬಿದ್ದಮೇಲೆ ನಾಲ್ವರೂ ಒಟ್ಟಿಗೆ ಕೂಗಾಡಿದರು. ಆಟ ಮುಗಿದರೂ ಯಾರಿಗೂ ಹೋಗಲು ಮನಸ್ಸಿರಲಿಲ್ಲ. ಕ್ಯಾಷಿಯರ್ ತನ್ನ ಮಾವನ ಮನೆಯ ಕಥೆ ಹೇಳಿದ, ಡ್ರೈವರ್ ಅದನ್ನು ಕೊನೆಯವರೆಗೂ ಕೇಳಿದ. ನಿಮ್ಮ ಜಾಗ ನಿಮ್ಮದೇ ಎಂದು ಮೆಕ್ಯಾನಿಕ್ ಎಲ್ಲರೆದುರು ಹೇಳಿದ. ಅಷ್ಟು ಸುಖವಾದ ಸಂಜೆ ಅವನ ಬದುಕಿನಲ್ಲಿ ಹೆಚ್ಚು ಬಂದಿರಲಿಲ್ಲ.

ಸ್ಪರ್ಧೆಗೆ ಇನ್ನು ಕೆಲವೇ ದಿನ ಎನ್ನುವಾಗ, ನಡು ಮಧ್ಯಾಹ್ನ, ಅಂಗಡಿ ಸಾಲಿನ ಮುಂದೆ ಸಾಮಾನು ಇಳಿಸುತ್ತ ನಿಂತಿದ್ದ ವ್ಯಾನಿನ ಮರೆಯಿಂದ ಒಬ್ಬ ಸರಕ್ಕನೆ ರಸ್ತೆಗಿಳಿದ. ಟೋಪಿ ಹಾಕಿಕೊಂಡಿದ್ದ, ಫೋನಿನಲ್ಲಿ ಮಾತಾಡುತ್ತಿದ್ದ. ಡ್ರೈವರ್ ಬ್ರೇಕ್ ಒತ್ತಿದ, ಸ್ಟೀರಿಂಗ್ ತಿರುಗಿಸಿದ, ಬಸ್ಸು ಅವನ ಬೆನ್ನ ಹಿಂದೆ ಹೋಗಿ ನಿಂತಿತು. ಆ ಮನುಷ್ಯ ತಿರುಗಿಯೂ ನೋಡದೆ ಮಾತಾಡುತ್ತಲೇ ಆಚೆ ದಾಟಿದ. ನಿಂತಿದ್ದ ಪ್ರಯಾಣಿಕರು ಮುಗ್ಗರಿಸಿ ಒಂದೆರಡು ಮಾತು ಬಯ್ದರು, ಕಂಡಕ್ಟರ್ ಸಮಾಧಾನ ಮಾಡಿದ. ಇಂಥದ್ದು ವಾರಕ್ಕೊಮ್ಮೆ ಆಗುವುದೇ. ಆದರೆ ಮತ್ತೆ ಗೇರ್ ಹಾಕಲು ಡ್ರೈವರನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಯ ಸ್ಟಾಪಿನವರೆಗೂ ಅವನು ಆ ಟೋಪಿಯವನನ್ನು ಬಯ್ದ, ವ್ಯಾನಿನವನನ್ನು ಬಯ್ದ, ಅಂಗಡಿಯವರನ್ನು ಬಯ್ದ. ಬಯ್ಯಬೇಕಾದದ್ದು ಯಾರನ್ನು ಎಂದು ಅವನಿಗೆ ಗೊತ್ತಿತ್ತು.

ಬಸ್ಸು ಡಿಪೋಗೆ ಬಿಟ್ಟವನು ನೇರ ವರ್ಕ್‌ಶಾಪಿಗೆ ಹೋದ. ಮೆಕ್ಯಾನಿಕ್ ರಿಪೇರಿ ಗುಂಡಿಗೆ ಇಳಿದು ಬಸ್ಸೊಂದರ ಹೊಟ್ಟೆಗೆ ಕೈ ಹಾಕಿಕೊಂಡಿದ್ದ. ಕಂಡಕ್ಟರನ್ನೇ ಹಾಕಿಕೋ ಎಂದ ಡ್ರೈವರ್. ಮೆಕ್ಯಾನಿಕನಿಗೆ ತಮಾಷೆ ಅನ್ನಿಸಿತು, ಆಮೇಲೆ ಸಿಟ್ಟು ಬಂತು. ಹೊಡೆಯಲು ಬಾರದಾಗ ಜಾಗಕ್ಕೆ ಅಂಟಿಕೊಂಡು ಕೂತಿರಿ, ಈಗ ಕೈ ಕೂತಮೇಲೆ ಕೈ ಕೊಡುತ್ತೀರಾ ಎಂದು ಗ್ರೀಸು ಹತ್ತಿದ ಕೈ ಒರೆಸುತ್ತ ಮೇಲೆ ಬಂದ. ಡ್ರೈವರ್ ಮಧ್ಯಾಹ್ನ ನಡೆದದ್ದನ್ನು ಹೇಳಿದ.

"ಯಾರಿಗೂ ಏನೂ ಆಗಿಲ್ವಲ್ಲ ಅಣ್ಣ. ತಪ್ಪಿಸಿದ್ರಿ ತಾನೇ?"

"ತಪ್ಪಿಸ್ದೆ. ಇಷ್ಟು ವರ್ಷ ಯಾರಾದ್ರೂ ಅಡ್ಡ ಬಂದ್ರೆ ನಂಗೆ ಕಾಣ್ತಿದ್ದದ್ದು ಅವನ ಪಕ್ಕದ ಖಾಲಿ ಜಾಗ ಕಣೋ. ಮನುಷ್ಯ ಆಮೇಲೆ ಕಾಣ್ತಿದ್ದ. ಇವತ್ತು ಮೊದಲು ಕಂಡದ್ದು ತಲೆ. ಜಾಗ ನಾನು ಹುಡುಕಬೇಕಾಯ್ತು."

ಮೆಕ್ಯಾನಿಕ್, ಅದೆಲ್ಲ ನಿಮ್ಮ ಭ್ರಮೆ ಇರಬಹುದು, ಇನ್ನು ನಾಲ್ಕು ದಿನದ ಮಾತು, ಆಡಿಬಿಡಿ, ಆಮೇಲೆ ಬೇಕಾದರೆ ಕಂಪ್ಯೂಟರಿನ ಮುಖವನ್ನೇ ನೋಡಬೇಡಿ ಎಂದ. ಡ್ರೈವರನಿಗೂ ಬೇಕಾಗಿದ್ದದ್ದು ಯಾರಾದರೂ ಹೀಗೆ ಹೇಳುವುದೇ. ಹೂಂ ಅನ್ನಲು ಬಾಯಿ ತೆರೆದವನು ಉಹೂಂ ಅಂದುಬಿಟ್ಟ. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಸಿಟ್ಟಿನಲ್ಲೇ ಅಂದ, ಅಂದಮೇಲೆ ಪಶ್ಚಾತ್ತಾಪವೂ ಆಯಿತು, ಆದರೂ ಮಾತು ಬದಲಿಸಲಿಲ್ಲ.

ಮನೆಯಲ್ಲಿ ಮಗಳು ಮುಖ ಊದಿಸಿಕೊಂಡಳು. ಇಷ್ಟು ದಿನ ಕಲಿಸಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು ಎಂದಳು. ಹೆಂಡತಿ ಮಾತ್ರ ಕಾರಣ ಕೇಳಲಿಲ್ಲ. ಅವನ ತಟ್ಟೆಗೆ ಬಡಿಸಿ ಎದುರಿಗೆ ಕೂತಳು. ಅವಳು ಹಾಗೆ ಸುಮ್ಮನೆ ಕೂತದ್ದಕ್ಕೂ ಅವನಿಗೆ ರೇಗಿತು. ಕುಡಿಯುವುದನ್ನು ಬಿಟ್ಟವನನ್ನು ಜನ ಹೊಗಳುತ್ತಾರೆ. ಗುರಿ ಇಡಲು ಕಲಿತು ಆಮೇಲೆ ಅದನ್ನು ಬಿಟ್ಟವನನ್ನು ಯಾರು ಹೊಗಳುತ್ತಾರೆ?

ಸ್ಪರ್ಧೆಯ ದಿನ ಹೋಗಬಾರದು ಎಂದುಕೊಂಡಿದ್ದ, ಹೋದ. ತರಬೇತಿ ಸಭಾಂಗಣದಲ್ಲಿ ಎರಡು ಸಾಲು ಕಂಪ್ಯೂಟರುಗಳು, ಗೋಡೆಯ ಮೇಲೆ ಎಲ್ಲರಿಗೂ ಕಾಣುವ ದೊಡ್ಡ ಪರದೆ. ಐದನೆಯ ಕುರ್ಚಿಯಲ್ಲಿ ಕಂಡಕ್ಟರ್ ಕೂತಿದ್ದ. ಡ್ರೈವರ್ ಹಿಂದಿನ ಬೆಂಚಿನ ತುದಿಯಲ್ಲಿ ಜಾಗ ಹಿಡಿದ. ಐವರ ತುಟಿಗಳು ಆಡುವುದು ಕಾಣುತ್ತಿತ್ತು, ಏನು ಹೇಳಿಕೊಂಡು ನಗುತ್ತಿದ್ದಾರೆಂದು ಗೊತ್ತಾಗುತ್ತಿರಲಿಲ್ಲ. ಎರಡೂ ಕಡೆ ಸುತ್ತುಗಳು ಸಮವಾದವು. ಕೊನೆಯ ಸುತ್ತಿನಲ್ಲಿ ನಾಲ್ವರೂ ಸತ್ತು ಕಂಡಕ್ಟರ್ ಒಬ್ಬನೇ ಉಳಿದ, ಆ ಕಡೆಯೂ ಒಬ್ಬನೇ ಉಳಿದಿದ್ದ. ದೊಡ್ಡ ಪರದೆಯ ಮೇಲೆ ಆ ಎದುರಾಳಿ ಗೋಡೆಯ ಮರೆಯಿಂದ ಹೊರಬಂದ. ಕಂಡಕ್ಟರ್ ಗಾಬರಿಯಿಂದ ಎತ್ತಲೋ ಹೊಡೆದ, ತಪ್ಪಿತು, ಮತ್ತೆ ಹೊಡೆದ, ತಪ್ಪಿತು. ಎದುರಾಳಿ ನಿಧಾನವಾಗಿ ತಿರುಗಿ ಒಂದೇ ಗುಂಡಿನಲ್ಲಿ ಆಟ ಮುಗಿಸಿದ.

ಸಭಾಂಗಣದ ಒಂದು ಕಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೊಂದು ಕಡೆಯಿಂದ ಮೆಕ್ಯಾನಿಕ್ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟು, ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿದ. ಡ್ರೈವರ್ ಅವನನ್ನು ನೋಡಲಿಲ್ಲ. ಅವನು ತನ್ನ ಬಲಗೈಯನ್ನು ನೋಡುತ್ತಿದ್ದ. ಎದುರಾಳಿ ಗೋಡೆಯ ಮರೆಯಿಂದ ಬಂದಾಗ ಆ ಕೈ, ಯಾರೂ ಹೇಳದೆ, ತೊಡೆಯ ಮೇಲೆ ಸರಿದಿತ್ತು. ಎಡಕ್ಕೂ ಹೊರಳಿರಲಿಲ್ಲ, ಬಲಕ್ಕೂ ಹೊರಳಿರಲಿಲ್ಲ, ನೆಟ್ಟಗೆ ತಲೆಗೇ ಹೋಗಿ ನಿಂತು, ತೋರುಬೆರಳು ಮೆಲ್ಲಗೆ ಒತ್ತಿತ್ತು. ಅವನು ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಭಾರ ಬಿಟ್ಟು ಕುಳಿತ. ಮರುದಿನ ಬೆಳಿಗ್ಗೆ ಅವನಿಗೆ ಮೊದಲ ಪಾಳಿಯ ಬಸ್ಸಿತ್ತು.